ಮುದ್ರಿತ ಚೌಕಟ್ಟಿನ ಕಿರು ಡ್ರೋನ್: ಗ್ರಾಂ ಲೆಕ್ಕದ ಒಂದು ಪಾಠ

ಡ್ರೋನ್ ಎಂಬ ಪದ ಮಂಡ್ಯ ಜಿಲ್ಲೆಯ ರೈತರಿಗಾಗಲಿ ವರ್ತಕರಿಗಾಗಲಿ ಇಂದು ಹೊಸತಲ್ಲ. ಗ್ರಾಮಠಾಣಾ ಆಸ್ತಿಗಳ ಅಳತೆಗೆಂದು ಕೇಂದ್ರ ಸರ್ಕಾರವು 2020ರಲ್ಲಿ ಆರಂಭಿಸಿದ ಸ್ವಾಮಿತ್ವ ಯೋಜನೆ, ಮಹಿಳಾ ಸ್ವಸಹಾಯ ಸಂಘಗಳಿಗೆ ಔಷಧ ಸಿಂಪಡಣೆಯ ಡ್ರೋನ್ ಒದಗಿಸಲು 2023ರಲ್ಲಿ ಒಪ್ಪಿಗೆ ಪಡೆದ ನಮೋ ಡ್ರೋನ್ ದೀದಿ ಯೋಜನೆ, ಮದುವೆ ಮನೆಗಳ ಚಿತ್ರೀಕರಣ ಇವೆಲ್ಲವೂ ಈ ಯಂತ್ರವನ್ನು ಹಳ್ಳಿಗಳಿಗೂ ಪರಿಚಯಿಸಿವೆ. ಆದರೆ ಅದನ್ನು ಬಳಸುವುದು ಒಂದು ವಿದ್ಯೆ, ಕಟ್ಟುವುದು ಇನ್ನೊಂದು ವಿದ್ಯೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಲೇತ್, ವೆಲ್ಡಿಂಗ್, ಮೋಟಾರು ಸುತ್ತುವಿಕೆ ಹಾಗೂ ಮೊಬೈಲ್ ದುರಸ್ತಿಯನ್ನೇ ನಂಬಿರುವ ಸಣ್ಣ ಕಾರ್ಯಾಗಾರಗಳಿಗೆ ಈ ಎರಡನೆಯ ವಿದ್ಯೆ ಎಷ್ಟರ ಮಟ್ಟಿಗೆ ದಕ್ಕೀತು, ಯಾವ ಕ್ರಮದಲ್ಲಿ ಕಲಿಯಬೇಕು, ಎಲ್ಲಿ ಹಣ ಕಳೆಯುವ ಅಪಾಯವಿದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲೇ ಹೇಳಬೇಕಾದ ಮಾತೊಂದಿದೆ. ಹೊಸಬರು ಸಾಮಾನ್ಯವಾಗಿ ಮೋಟಾರಿನ ಶಕ್ತಿಯಿಂದ ಲೆಕ್ಕ ಆರಂಭಿಸುತ್ತಾರೆ. ಕಿರು ಡ್ರೋನಿನಲ್ಲಿ ಲೆಕ್ಕ ಆರಂಭವಾಗಬೇಕಾದುದು ತಕ್ಕಡಿಯಿಂದ. ಕಾನೂನು, ಹಾರಾಟದ ಅವಧಿ, ಚೌಕಟ್ಟಿನ ಬಾಳಿಕೆ, ಕೊನೆಗೆ ಉದ್ದಿಮೆಯ ಲಾಭ ಈ ನಾಲ್ಕೂ ಗ್ರಾಂಗಳ ಮೇಲೆಯೇ ನಿಂತಿವೆ.

250 ಗ್ರಾಂಗಳ ಗಡಿ

ಕೇಂದ್ರ ಸರ್ಕಾರವು 2021ರ ಆಗಸ್ಟ್ 25ರಂದು ಪ್ರಕಟಿಸಿದ ಡ್ರೋನ್ ನಿಯಮಗಳು ಮಾನವರಹಿತ ವಿಮಾನಗಳನ್ನು ತೂಕಕ್ಕೆ ಅನುಗುಣವಾಗಿ ಐದು ವರ್ಗಗಳಾಗಿ ವಿಂಗಡಿಸಿವೆ. 250 ಗ್ರಾಂವರೆಗಿನದು ನ್ಯಾನೋ, ಅದಕ್ಕೆ ಮೇಲ್ಪಟ್ಟು 2 ಕಿಲೋಗ್ರಾಂವರೆಗೆ ಮೈಕ್ರೋ, 25 ಕಿಲೋಗ್ರಾಂವರೆಗೆ ಸಣ್ಣ, 150 ಕಿಲೋಗ್ರಾಂವರೆಗೆ ಮಧ್ಯಮ, ಅದಕ್ಕೂ ಮೇಲ್ಪಟ್ಟದ್ದು ದೊಡ್ಡ ವರ್ಗ. ಇಲ್ಲಿ ತೂಕವೆಂದರೆ ಬ್ಯಾಟರಿ, ಕ್ಯಾಮೆರಾ ಸೇರಿದಂತೆ ನೆಲದಿಂದ ಏಳುವಾಗಿನ ಒಟ್ಟು ತೂಕ. ಖಾಲಿ ಚೌಕಟ್ಟನ್ನು ತೂಗಿ ಸಮಾಧಾನಪಡುವಂತಿಲ್ಲ.

ನ್ಯಾನೋ ವರ್ಗಕ್ಕೆ ಮಾದರಿ ಪ್ರಮಾಣಪತ್ರ ಬೇಕಿಲ್ಲ, ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಬೇಕಿಲ್ಲ, ಮೂರನೆಯವರ ಹಾನಿಯ ವಿಮೆಯೂ ಕಡ್ಡಾಯವಲ್ಲ. ತೂಕ 251 ಗ್ರಾಂ ಆದೊಡನೆ ವರ್ಗ ಬದಲಾಗುತ್ತದೆ. ಮೈಕ್ರೋ ವರ್ಗದ ಡ್ರೋನನ್ನು ವಾಣಿಜ್ಯ ಉದ್ದೇಶಕ್ಕೆ ಬಳಸುವಾಗ ಪೈಲಟ್ ಪ್ರಮಾಣಪತ್ರ ಅಗತ್ಯವಾಗುತ್ತದೆ, ವಿಮೆಯ ಖರ್ಚು ಬರುತ್ತದೆ. ಹಾಗೆಂದು ನ್ಯಾನೋ ವರ್ಗಕ್ಕೆ ನಿಯಮಗಳೇ ಇಲ್ಲವೆಂದು ಭಾವಿಸಬಾರದು. ನೋಂದಣಿ ಮಾಡಿಸಿ ವಿಶಿಷ್ಟ ಗುರುತಿನ ಸಂಖ್ಯೆ ಪಡೆಯುವುದು, ವಾಯುಪ್ರದೇಶದ ವಲಯಗಳನ್ನು ಪಾಲಿಸುವುದು ಎಲ್ಲ ವರ್ಗಗಳಿಗೂ ಅನ್ವಯಿಸುತ್ತದೆ.

ಕಾರ್ಯಾಗಾರಗಳಿಗೆ ಇದೇ ನಿಯಮಗಳಲ್ಲಿ ಇನ್ನೊಂದು ಅನುಕೂಲವಿದೆ. ಸಂಶೋಧನೆ, ಅಭಿವೃದ್ಧಿ ಮತ್ತು ಪರೀಕ್ಷೆಗಾಗಿ ಹಾರಿಸುವ ಸರ್ಕಾರಿ ಮಾನ್ಯತೆಯ ಶಿಕ್ಷಣ ಸಂಸ್ಥೆಗಳು, ಮಾನ್ಯತೆ ಪಡೆದ ನವೋದ್ಯಮಗಳು ಹಾಗೂ ಸರಕು ಮತ್ತು ಸೇವಾ ತೆರಿಗೆಯ ನೋಂದಣಿ ಸಂಖ್ಯೆ ಹೊಂದಿದ ಡ್ರೋನ್ ತಯಾರಕರಿಗೆ ಮಾದರಿ ಪ್ರಮಾಣಪತ್ರ, ಗುರುತಿನ ಸಂಖ್ಯೆ, ಪೂರ್ವಾನುಮತಿ, ಪೈಲಟ್ ಪರವಾನಗಿ ಇವುಗಳಿಂದ ವಿನಾಯಿತಿ ಇದೆ. ಹಾರಾಟ ಹಸಿರು ವಲಯದಲ್ಲಿರಬೇಕು, ತಮ್ಮದೇ ಆವರಣದಲ್ಲಿ ಅಥವಾ ತಮ್ಮ ಹತೋಟಿಯಲ್ಲಿರುವ ಬಯಲಿನಲ್ಲಿ ನಡೆಯಬೇಕು ಎಂಬುದು ಇದರ ಷರತ್ತು. ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳವಾಡಿಯ ಎಂಜಿನಿಯರಿಂಗ್ ಕಾಲೇಜು, ಕೆ.ಆರ್. ಪೇಟೆಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದ ಆದಿಚುಂಚನಗಿರಿ ವಿಶ್ವವಿದ್ಯಾಲಯ, ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಪಾಲಿಟೆಕ್ನಿಕ್ ಇವುಗಳ ಆವರಣಗಳು ಇಂಥ ಕಲಿಕೆಗೆ ಸಹಜವಾಗಿಯೇ ಒದಗಬಲ್ಲ ಸ್ಥಳಗಳು. ಕಾರ್ಯಾಗಾರ ಮತ್ತು ಕಾಲೇಜು ಜೊತೆಗೂಡಿದರೆ ಇಬ್ಬರಿಗೂ ಲಾಭ.

ತೂಕದ ಖಾತೆ

ಜಮಾ ಖರ್ಚಿನ ಪುಸ್ತಕ ಬರೆಯುವ ವರ್ತಕರಿಗೆ ಡ್ರೋನಿನ ವಿನ್ಯಾಸ ಅರ್ಥವಾಗುವುದು ಸುಲಭ. ಪ್ರೊಪೆಲ್ಲರುಗಳು ಒದಗಿಸುವ ಎತ್ತುವ ಬಲ ಜಮಾ, ಪ್ರತಿಯೊಂದು ಭಾಗದ ತೂಕ ಖರ್ಚು. ಮೂರು ಅಂಗುಲ ವ್ಯಾಸದ ಪ್ರೊಪೆಲ್ಲರುಗಳುಳ್ಳ ನಾಲ್ಕು ಮೋಟಾರಿನ ಡ್ರೋನೊಂದರ ಮಾದರಿ ಖಾತೆ ಹೀಗಿರುತ್ತದೆ:

ಮುದ್ರಿತ ಚೌಕಟ್ಟು ಮತ್ತು ತಿರುಪುಗಳು: 48 ಗ್ರಾಂ
ಮೋಟಾರು ನಾಲ್ಕು, ತಲಾ 9.5 ಗ್ರಾಂನಂತೆ: 38 ಗ್ರಾಂ
ಪ್ರೊಪೆಲ್ಲರು ನಾಲ್ಕು: 6 ಗ್ರಾಂ
ವೇಗ ನಿಯಂತ್ರಕಗಳೂ ಸೇರಿದ ಹಾರಾಟ ನಿಯಂತ್ರಕ ಫಲಕ: 10 ಗ್ರಾಂ
ರಿಸೀವರ್: 2 ಗ್ರಾಂ
ಕ್ಯಾಮೆರಾ ಮತ್ತು ಚಿತ್ರ ಪ್ರಸಾರಕ: 12 ಗ್ರಾಂ
ತಂತಿ, ಕನೆಕ್ಟರ್, ಕೆಪಾಸಿಟರ್, ಪಟ್ಟಿ: 12 ಗ್ರಾಂ
ಮೂರು ಕೋಶಗಳ 650 ಮಿಲಿ ಆಂಪಿಯರ್ ಗಂಟೆ ಸಾಮರ್ಥ್ಯದ ಲಿಥಿಯಂ ಪಾಲಿಮರ್ ಬ್ಯಾಟರಿ: 57 ಗ್ರಾಂ
ಒಟ್ಟು: 185 ಗ್ರಾಂ

ಭಾಗಗಳನ್ನು ಕೊಳ್ಳುವ ಮುನ್ನ ಈ ಪಟ್ಟಿ ಕಾಗದದ ಮೇಲೆ ಸಿದ್ಧವಾಗಿರಬೇಕು. ಭಾಗಗಳು ಕೈಸೇರಿದ ಮೇಲೆ ಪ್ರತಿಯೊಂದನ್ನೂ ಚಿನ್ನಬೆಳ್ಳಿ ಅಂಗಡಿಗಳಲ್ಲಿ ಬಳಸುವಂಥ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ ನಿಜವಾದ ಅಂಕಿಯನ್ನು ಪಕ್ಕದಲ್ಲಿ ಬರೆಯಬೇಕು. ಮಾರಾಟಗಾರರು ಹೇಳುವ ತೂಕದಲ್ಲಿ ತಂತಿಯ ತೂಕ ಸೇರಿರುವುದಿಲ್ಲವೆಂಬುದು ಇಂಥ ಸಂದರ್ಭದಲ್ಲಿಯೇ ಬೆಳಕಿಗೆ ಬರುತ್ತದೆ.

ಇನ್ನು ಜಮಾ ಬದಿ. ಒಂದೊಂದು ಮೋಟಾರು ಗರಿಷ್ಠ 150 ಗ್ರಾಂ ಬಲ ನೀಡುವುದೆಂದು ತಯಾರಕರ ಪಟ್ಟಿ ಹೇಳಿದರೆ ನಾಲ್ಕರಿಂದ 600 ಗ್ರಾಂ. ಒಟ್ಟು ಬಲ ತೂಕದ ಎರಡು ಪಟ್ಟಿಗಿಂತ ಕಡಿಮೆ ಇರಬಾರದೆಂಬುದು ರೂಢಿಯ ನಿಯಮ. ಇಲ್ಲಿ ಅದು ಮೂರು ಪಟ್ಟನ್ನೂ ದಾಟಿದೆ. ಗಾಳಿ ಬೀಸಿದಾಗ ಸಾವರಿಸಿಕೊಳ್ಳಲು ಈ ಹೆಚ್ಚುವರಿ ಬಲವೇ ಆಧಾರ.

250 ಗ್ರಾಂ ಗಡಿಗೆ ಇನ್ನೂ 65 ಗ್ರಾಂ ಉಳಿದಿದೆಯೆಂದು ಅದನ್ನು ಖರ್ಚು ಮಾಡುವ ಆಸೆ ಸಹಜ. ಅದರ ಬೆಲೆಯನ್ನು ಮೊದಲು ಲೆಕ್ಕ ಹಾಕಬೇಕು. ಮೇಲಿನ ಬ್ಯಾಟರಿಯಲ್ಲಿ 11.1 ವೋಲ್ಟ್ ಲೆಕ್ಕದಲ್ಲಿ ಸುಮಾರು 7.2 ವ್ಯಾಟ್ ಗಂಟೆ ಶಕ್ತಿ ಇದೆ. ಬ್ಯಾಟರಿ ಹಾಳಾಗದಂತೆ ಅದರ ಶೇ. 80ರಷ್ಟನ್ನು, ಎಂದರೆ 5.8 ವ್ಯಾಟ್ ಗಂಟೆಯನ್ನು ಮಾತ್ರ ಬಳಸಬಹುದು. ಇಷ್ಟು ಚಿಕ್ಕ ಪ್ರೊಪೆಲ್ಲರು ಒಂದು ವ್ಯಾಟ್‌ಗೆ ನಾಲ್ಕೂವರೆ ಗ್ರಾಂ ಎತ್ತುವುದೆಂದು ಇಟ್ಟುಕೊಂಡರೆ 185 ಗ್ರಾಂ ತೂಕ ಗಾಳಿಯಲ್ಲಿ ನಿಲ್ಲಲು 41 ವ್ಯಾಟ್, ವಿದ್ಯುನ್ಮಾನ ಭಾಗಗಳಿಗೆ 3 ವ್ಯಾಟ್, ಒಟ್ಟು 44 ವ್ಯಾಟ್ ಬೇಕು. ಹಾರಾಟದ ಅವಧಿ ಸುಮಾರು 8 ನಿಮಿಷ. ಈಗ 40 ಗ್ರಾಂನ ಇನ್ನೊಂದು ಕ್ಯಾಮೆರಾ ಹೊರಿಸಿದರೆ ತೂಕ 225 ಗ್ರಾಂ ಆಗುತ್ತದೆ. ಗಾಳಿಯಲ್ಲಿ ನಿಲ್ಲಲು ಬೇಕಾದ ಶಕ್ತಿ ತೂಕದ ಒಂದೂವರೆ ಘಾತದಂತೆ ಏರುವುದರಿಂದ ತೂಕ ಶೇ. 22ರಷ್ಟು ಹೆಚ್ಚಿದರೆ ಶಕ್ತಿ ಶೇ. 34ರಷ್ಟು ಹೆಚ್ಚು ಬೇಕಾಗುತ್ತದೆ. ಅವಧಿ 6 ನಿಮಿಷಕ್ಕೆ ಇಳಿಯುತ್ತದೆ. ತೂಕವೆಂಬ ಸಾಲಕ್ಕೆ ಬಡ್ಡಿಯೂ ಉಂಟೆಂಬುದು ಇದರಿಂದ ಸ್ಪಷ್ಟ.

ಚೌಕಟ್ಟಿಗೆ ತಕ್ಕ ವಸ್ತು

ಹಾರುವ ಯಂತ್ರದ ಕವಚ ಯಾವ ವಸ್ತುವಿನದೆಂಬುದು ಎಷ್ಟು ಮುಖ್ಯವೆಂಬುದಕ್ಕೆ ಶ್ರೀರಂಗಪಟ್ಟಣದ ಇತಿಹಾಸವೇ ಸಾಕ್ಷಿ. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕಾಲದ ಮೈಸೂರು ರಾಕೆಟ್ಟುಗಳಲ್ಲಿ ಮದ್ದನ್ನು ಕಬ್ಬಿಣದ ಕೊಳವೆಯಲ್ಲಿ ತುಂಬಲಾಗುತ್ತಿತ್ತು. ಯೂರೋಪಿನಲ್ಲಿ ಆಗ ರೂಢಿಯಲ್ಲಿದ್ದುದು ಕಾಗದದ ದಪ್ಪ ಕೊಳವೆ. ಕಬ್ಬಿಣವು ಹೆಚ್ಚಿನ ಒತ್ತಡವನ್ನು ತಾಳುತ್ತಿದ್ದುದರಿಂದ ಮೈಸೂರಿನ ರಾಕೆಟ್ಟುಗಳು ಹೆಚ್ಚು ದೂರ ಕ್ರಮಿಸುತ್ತಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ನಂತರ ಇಂಗ್ಲೆಂಡಿಗೆ ಸಾಗಿಸಲಾದ ರಾಕೆಟ್ಟುಗಳು ವಿಲಿಯಂ ಕಾಂಗ್ರೀವನ ಪ್ರಯೋಗಗಳಿಗೆ ಪ್ರೇರಣೆಯಾದವು. ಅಲ್ಲಿ ತೂಕ ಹೆಚ್ಚಿದರೂ ಕಬ್ಬಿಣವೇ ಸರಿಯಾದ ಆಯ್ಕೆಯಾಗಿತ್ತು. ಕಿರು ಡ್ರೋನಿನಲ್ಲಿ ಆಯ್ಕೆಯ ತರ್ಕ ಅದೇ ಆದರೂ ಉತ್ತರ ಬೇರೆ.

ಕಾರ್ಖಾನೆಯಲ್ಲಿ ತಯಾರಾಗುವ ಚೌಕಟ್ಟುಗಳು ಬಹುತೇಕ ಕಾರ್ಬನ್ ನಾರಿನ ಹಲಗೆಯವು. ಬಿಗುವಿನಲ್ಲಿ ಅದು ಪ್ಲಾಸ್ಟಿಕ್ಕಿಗಿಂತ ಹತ್ತಾರು ಪಟ್ಟು ಮಿಗಿಲು. ಆದುದರಿಂದ ದೊಡ್ಡ ಡ್ರೋನಿಗೆ ಮುದ್ರಿತ ಪ್ಲಾಸ್ಟಿಕ್ ಚೌಕಟ್ಟು ಸಲ್ಲದು. ತೋಳು ಉದ್ದವಾದಷ್ಟೂ ಅದು ಬಾಗುವ ಪ್ರಮಾಣ ವೇಗವಾಗಿ ಏರುತ್ತದೆ. 250 ಗ್ರಾಂಗಿಂತ ಕಡಿಮೆ ತೂಕದ, ಏಳೆಂಟು ಸೆಂಟಿಮೀಟರ್ ತೋಳಿನ ಯಂತ್ರದಲ್ಲಿ ಮಾತ್ರ ಮುದ್ರಿತ ಚೌಕಟ್ಟು ತನ್ನ ಕೆಲಸವನ್ನು ಸಮರ್ಪಕವಾಗಿ ನಿರ್ವಹಿಸುತ್ತದೆ.

ಕರಗಿದ ಪ್ಲಾಸ್ಟಿಕ್ ಎಳೆಯನ್ನು ಪದರ ಪದರವಾಗಿ ಹಾಸುವ ಮುದ್ರಣ ವಿಧಾನದ ಪ್ರಮುಖ ಪೇಟೆಂಟಿನ ಅವಧಿ 2009ರಲ್ಲಿ ಮುಗಿಯಿತು. 2005ರಲ್ಲಿ ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದಲ್ಲಿ ಆರಂಭವಾಗಿದ್ದ ರೆಪ್‌ರ‍್ಯಾಪ್ ಯೋಜನೆಯು ಯಂತ್ರದ ವಿನ್ಯಾಸವನ್ನು ಎಲ್ಲರಿಗೂ ತೆರೆದಿಟ್ಟಿತು. ಇವೆರಡರ ಫಲವಾಗಿ 3ಡಿ ಪ್ರಿಂಟರ್ ಇಂದು ಸಣ್ಣ ಕಾರ್ಯಾಗಾರಕ್ಕೂ ನಿಲುಕುವ ಯಂತ್ರವಾಗಿದೆ. ಇದರಲ್ಲಿ ಬಳಸುವ ಪ್ಲಾಸ್ಟಿಕ್ಕುಗಳಲ್ಲಿ ಮುಖ್ಯವಾದವು ಮೂರು.

ಪಿಎಲ್ಎ ಮುದ್ರಿಸಲು ಸುಲಭ, ಬಿಗುವೂ ಉಂಟು. ಆದರೆ 60 ಡಿಗ್ರಿ ಸೆಲ್ಸಿಯಸ್ ಸಮೀಪದಲ್ಲಿಯೇ ಮೆತ್ತಗಾಗುತ್ತದೆ. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಇಟ್ಟ ಚೌಕಟ್ಟು ಸೊಟ್ಟಗಾಗಲು ಅಷ್ಟು ಶಾಖ ಸಾಕು. ಪಿಇಟಿಜಿ ತುಸು ಭಾರ, ತುಸು ಬಾಗುವ ಗುಣದ್ದು. ಆದರೆ 75 ಡಿಗ್ರಿಯವರೆಗೆ ತಾಳುತ್ತದೆ, ಬಿದ್ದಾಗ ಥಟ್ಟನೆ ಮುರಿಯುವುದಿಲ್ಲ. ನೈಲಾನ್ ಎಲ್ಲಕ್ಕಿಂತ ಗಟ್ಟಿಮುಟ್ಟು. ಆದರೆ ಗಾಳಿಯ ತೇವವನ್ನು ಹೀರಿ ಮುದ್ರಣವನ್ನು ಕೆಡಿಸುತ್ತದೆ. ಕಲಿಕೆಗೆ ಪಿಎಲ್ಎ, ಹೊಲದ ಬಳಕೆಗೆ ಪಿಇಟಿಜಿ ಎಂಬುದು ಆರಂಭಿಕರಿಗೆ ಸಾಕಾಗುವ ಸೂತ್ರ. ಮಳೆಗಾಲದಲ್ಲಿ ಯಾವುದೇ ಸುರುಳಿಯನ್ನು ತೇವ ಹೀರುವ ಸಿಲಿಕಾ ಪೊಟ್ಟಣದೊಡನೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಇಡಬೇಕು.

ಪಿಎಲ್ಎ ತಯಾರಾಗುವುದು ಸಕ್ಕರೆ ಅಥವಾ ಪಿಷ್ಟವನ್ನು ಹುದುಗಿಸಿ ಪಡೆದ ಲ್ಯಾಕ್ಟಿಕ್ ಆಮ್ಲದಿಂದ ಎಂಬುದು ಕಬ್ಬಿನ ಸೀಮೆಯ ಓದುಗರಿಗೆ ಕುತೂಹಲದ ವಿಷಯ. ಉತ್ತರ ಪ್ರದೇಶದಲ್ಲಿ ಕಬ್ಬಿನಿಂದ ಪಿಎಲ್ಎ ತಯಾರಿಸುವ ದೊಡ್ಡ ಘಟಕವೊಂದನ್ನು ಬಲರಾಂಪುರ ಚೀನಿ ಮಿಲ್ಸ್ 2024ರಲ್ಲಿ ಪ್ರಕಟಿಸಿತು. ಮಂಡ್ಯದ ಸಕ್ಕರೆ ಉದ್ದಿಮೆ ಇದನ್ನು ಗಮನದಲ್ಲಿಟ್ಟುಕೊಳ್ಳುವುದು ಒಳಿತು.

ವಿನ್ಯಾಸ ಮತ್ತು ಮುದ್ರಣ

ಮೂರು ಅಂಗುಲದ ಪ್ರೊಪೆಲ್ಲರಿನ ವ್ಯಾಸ 76 ಮಿಲಿಮೀಟರ್. ಕರ್ಣದಲ್ಲಿ ಎದುರುಬದುರಾದ ಎರಡು ಮೋಟಾರುಗಳ ನಡುವೆ 150 ಮಿಲಿಮೀಟರ್ ಅಂತರವಿಟ್ಟರೆ ಅಕ್ಕಪಕ್ಕದ ಮೋಟಾರುಗಳ ನಡುವೆ 106 ಮಿಲಿಮೀಟರ್ ದೊರೆಯುತ್ತದೆ. ಪ್ರೊಪೆಲ್ಲರುಗಳ ತುದಿಗಳ ನಡುವೆ 30 ಮಿಲಿಮೀಟರ್ ಬಿಡುವು ಉಳಿಯುತ್ತದೆ.

ತೋಳಿನ ವಿನ್ಯಾಸದಲ್ಲಿ ಮೂರು ಅಂಶಗಳನ್ನು ಮರೆಯಬಾರದು.

ಮೊದಲನೆಯದು ಎತ್ತರ. ತೋಳಿನ ಬಿಗುವು ಅದರ ಎತ್ತರದ ಘನಕ್ಕೆ ಅನುಗುಣವಾಗಿ ಏರುತ್ತದೆ. 4 ಮಿಲಿಮೀಟರ್ ಎತ್ತರದ ತೋಳನ್ನು 6 ಮಿಲಿಮೀಟರ್ ಮಾಡಿದರೆ ತೂಕ ಒಂದೂವರೆ ಪಟ್ಟು ಮಾತ್ರ ಹೆಚ್ಚುತ್ತದೆ, ಬಿಗುವು ಸುಮಾರು ಮೂರೂಕಾಲು ಪಟ್ಟನ್ನೂ ಮೀರುತ್ತದೆ. ಅಗಲ ಹೆಚ್ಚಿಸುವುದಕ್ಕಿಂತ ಎತ್ತರ ಹೆಚ್ಚಿಸುವುದು ಲಾಭಕರ. ಅಗಲವಾದ ತೋಳು ಪ್ರೊಪೆಲ್ಲರಿನ ಗಾಳಿಗೂ ಅಡ್ಡ ಬರುತ್ತದೆ.

ಎರಡನೆಯದು ಪದರಗಳ ದಿಕ್ಕು. ಮುದ್ರಿತ ವಸ್ತು ಪದರಗಳ ಉದ್ದಕ್ಕೆ ಗಟ್ಟಿ, ಪದರಗಳ ನಡುವಿನ ಬೆಸುಗೆಯಲ್ಲಿ ದುರ್ಬಲ. ಸೌದೆ ಸೀಳುವಾಗ ಕೊಡಲಿ ನಾರಿನ ಗುಂಟ ಸಲೀಸಾಗಿ ಇಳಿಯುವಂತೆಯೇ ಇಲ್ಲಿಯೂ ಸೀಳು ಪದರದ ಗುಂಟ ಓಡುತ್ತದೆ. ಆದುದರಿಂದ ತೋಳನ್ನು ಯಂತ್ರದ ಹಾಸಿನ ಮೇಲೆ ಮಲಗಿಸಿಯೇ ಮುದ್ರಿಸಬೇಕು, ನಿಲ್ಲಿಸಿ ಮುದ್ರಿಸಬಾರದು.

ಮೂರನೆಯದು ಹೊರಗೋಡೆ. ಬಾಗುವಿಕೆಯನ್ನು ತಡೆಯುವುದು ಹೊರಮೈ. ಒಳಜಾಲವನ್ನು ಶೇ. 100 ತುಂಬಿಸಿ ಭಾರ ಮಾಡುವ ಬದಲು ಹೊರಗೋಡೆಯನ್ನು ಮೂರು ನಾಲ್ಕು ಸುತ್ತು ಮಾಡಿ, ಒಳಜಾಲವನ್ನು ಶೇ. 30ರ ಆಸುಪಾಸಿನಲ್ಲಿ ಇಟ್ಟರೆ ಸಾಕು.

ನಾಲ್ಕು ತೋಳುಗಳನ್ನೂ ನಡುಫಲಕವನ್ನೂ ಒಂದೇ ತುಂಡಾಗಿ ಮುದ್ರಿಸಿದರೆ ಕೆಲವು ಗ್ರಾಂ ಉಳಿಯುತ್ತದೆ. ಆದರೆ ಕಲಿಯುವವರ ಡ್ರೋನ್ ಬೀಳುವುದು ಖಚಿತ, ಬಿದ್ದಾಗ ಮುರಿಯುವುದು ತೋಳು. ತಿರುಪಿನಿಂದ ಬಿಗಿಯುವ ಬಿಡಿ ತೋಳಾದರೆ ಮುರಿದುದನ್ನು ಮಾತ್ರ ಬದಲಾಯಿಸಬಹುದು. ಆ ಅನುಕೂಲಕ್ಕಾಗಿ ನಾಲ್ಕೈದು ಗ್ರಾಂ ತೆರುವುದು ದುಂದಲ್ಲ.

ಮುದ್ರಣಕ್ಕೆ ಮುಂಚೆ ಸ್ಲೈಸರ್ ತಂತ್ರಾಂಶವು ಭಾಗದ ತೂಕವನ್ನು ಅಂದಾಜು ಮಾಡಿ ತೋರಿಸುತ್ತದೆ. ಮುದ್ರಿಸಿದ ಮೇಲೆ ತೂಗಿದಾಗ ಅದಕ್ಕಿಂತ ಗಣನೀಯವಾಗಿ ಕಡಿಮೆ ಬಂದರೆ ಯಂತ್ರದ ಮೂತಿಯಲ್ಲಿ ಪ್ಲಾಸ್ಟಿಕ್ ಸರಿಯಾಗಿ ಹರಿದಿಲ್ಲವೆಂದೇ ಅರ್ಥ. ನೋಡಲು ಅಂದವಾಗಿದ್ದರೂ ಅಂಥ ತೋಳನ್ನು ಬಳಸಬಾರದು. ಗುಣಮಟ್ಟದ ಪರೀಕ್ಷೆಗೂ ತಕ್ಕಡಿಯೇ ಮೊದಲ ಸಾಧನ.

ಜೋಡಣೆ ಮತ್ತು ಮೊದಲ ಪರೀಕ್ಷೆ

ಕರ್ಣದಲ್ಲಿರುವ ಎರಡು ಮೋಟಾರುಗಳು ಒಂದೇ ದಿಕ್ಕಿಗೆ, ಪಕ್ಕದವು ವಿರುದ್ಧ ದಿಕ್ಕಿಗೆ ತಿರುಗಬೇಕು. ತಪ್ಪಿದರೆ ಡ್ರೋನ್ ಏಳುವಾಗಲೇ ಮಗುಚುತ್ತದೆ. ಹಾರಾಟ ನಿಯಂತ್ರಕ ಫಲಕದಲ್ಲಿರುವ ಗೈರೋಸ್ಕೋಪ್ ಸೂಕ್ಷ್ಮ ಅಲುಗಾಟವನ್ನೂ ಗ್ರಹಿಸುವುದರಿಂದ ಫಲಕವನ್ನು ಮೆತ್ತನೆಯ ರಬ್ಬರ್ ಬಿಲ್ಲೆಗಳ ಮೇಲೆ ಕೂರಿಸಬೇಕು. ಮುದ್ರಿತ ಚೌಕಟ್ಟಿನಲ್ಲಿ ಈ ಎಚ್ಚರಿಕೆ ಇನ್ನೂ ಅಗತ್ಯ. ಬೀಟಾಫ್ಲೈಟ್, ಐನ್ಯಾವ್, ಆರ್ಡುಪೈಲಟ್‌ನಂಥ ಮುಕ್ತ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ.

ಬ್ಯಾಟರಿಯನ್ನು ಮೊದಲ ಬಾರಿ ಜೋಡಿಸುವಾಗ ವಾಹನಗಳ 12 ವೋಲ್ಟ್ ಬಲ್ಬೊಂದನ್ನು ತಂತಿಯ ನಡುವೆ ಸರಣಿಯಲ್ಲಿ ಸೇರಿಸುವುದು ಒಳ್ಳೆಯ ಪದ್ಧತಿ. ಎಲ್ಲಿಯಾದರೂ ಶಾರ್ಟ್ ಆಗಿದ್ದರೆ ಬಲ್ಬು ಪ್ರಕಾಶಮಾನವಾಗಿ ಉರಿಯುತ್ತದೆ, ಫಲಕ ಸುಡದೆ ಉಳಿಯುತ್ತದೆ. ಮೋಟಾರುಗಳ ದಿಕ್ಕನ್ನು ಪರೀಕ್ಷಿಸುವಾಗ ಪ್ರೊಪೆಲ್ಲರುಗಳನ್ನು ಕಡ್ಡಾಯವಾಗಿ ಬಿಚ್ಚಿಡಬೇಕು. ಮೊದಲ ಹಾರಾಟ ಒಂದು ನಿಮಿಷ ಮೀರಬಾರದು. ಇಳಿಸಿ, ಬ್ಯಾಟರಿ ಕಳಚಿ, ಮೋಟಾರುಗಳನ್ನು ಮುಟ್ಟಿ ನೋಡಬೇಕು. ಕೈಯಿಡಲಾಗದಷ್ಟು ಬಿಸಿಯಾಗಿದ್ದರೆ ಚೌಕಟ್ಟಿನ ಕಂಪನವನ್ನು ನಿಯಂತ್ರಕವು ಬಿಡುವಿಲ್ಲದೆ ಸರಿಪಡಿಸಲು ಹೆಣಗುತ್ತಿದೆಯೆಂದು ತಿಳಿದು ತೋಳು, ತಿರುಪು, ಪ್ರೊಪೆಲ್ಲರುಗಳನ್ನು ಪರಿಶೀಲಿಸಬೇಕು.

ಲಿಥಿಯಂ ಪಾಲಿಮರ್ ಕೋಶವನ್ನು 4.2 ವೋಲ್ಟ್‌ಗಿಂತ ಹೆಚ್ಚು ಚಾರ್ಜ್ ಮಾಡಬಾರದು; ಹಾರಾಟದಲ್ಲಿ 3.5 ವೋಲ್ಟ್ ತಲುಪಿದೊಡನೆ ಇಳಿಸಬೇಕು. ಬಳಸದೆ ಇಡುವಾಗ 3.8 ವೋಲ್ಟ್‌ನಲ್ಲಿ ಇಡಬೇಕು. ಉಬ್ಬಿದ ಬ್ಯಾಟರಿಯನ್ನು ಬಳಸಲೇಬಾರದು. ಚಾರ್ಜ್ ಮಾಡುವ ಸ್ಥಳ ಕಲ್ಲು ಅಥವಾ ಸಿಮೆಂಟಿನ ನೆಲವಾಗಿರಲಿ, ಹತ್ತಿರದಲ್ಲಿ ಒಬ್ಬರು ಇರಲಿ.

ಎಲ್ಲಿ ಹಾರಿಸಬಹುದು

ಹಸಿರು ವಲಯದಲ್ಲಿ ನೆಲದಿಂದ 120 ಮೀಟರ್ ಎತ್ತರದವರೆಗೆ ಪೂರ್ವಾನುಮತಿ ಬೇಕಿಲ್ಲ. ವಿಮಾನ ನಿಲ್ದಾಣದ ಆವರಣದಿಂದ 8 ರಿಂದ 12 ಕಿಲೋಮೀಟರ್ ನಡುವಿನ ಪ್ರದೇಶದಲ್ಲಿ ಈ ಮಿತಿ 60 ಮೀಟರ್. ವಲಯಗಳ ನಕ್ಷೆಯನ್ನು ಡಿಜಿಟಲ್ ಸ್ಕೈ ಅಂತರ್ಜಾಲ ತಾಣದಲ್ಲಿ ಹಾರಾಟದ ದಿನವೇ ನೋಡಿಕೊಳ್ಳಬೇಕು, ಏಕೆಂದರೆ ಅದು ಬದಲಾಗುತ್ತಿರುತ್ತದೆ.

ಈ ನಾಲ್ಕು ತಾಲ್ಲೂಕುಗಳಲ್ಲಿ ವಿಶೇಷ ಎಚ್ಚರ ಬೇಕಾದ ಸ್ಥಳಗಳು ಹಲವಿವೆ. ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ಕೃಷ್ಣರಾಜಸಾಗರ ಅಣೆಕಟ್ಟೆ, ಕೋಟೆಯೊಳಗಿನ ಸಂರಕ್ಷಿತ ಸ್ಮಾರಕಗಳು ಹಾಗೂ 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ರಂಗನತಿಟ್ಟು ಪಕ್ಷಿಧಾಮ. ಪಾಂಡವಪುರ ತಾಲ್ಲೂಕಿನಲ್ಲಿ ಮೇಲುಕೋಟೆಯ ವನ್ಯಧಾಮ. ನಾಗಮಂಗಲ ತಾಲ್ಲೂಕಿನಲ್ಲಿ ಆದಿಚುಂಚನಗಿರಿಯ ನವಿಲುಧಾಮ. ಡ್ರೋನ್ ಹಗುರವೆಂಬ ಕಾರಣಕ್ಕೆ ಇಲ್ಲಿ ಹಾರಿಸುವಂತಿಲ್ಲ. ಆಯಾ ಇಲಾಖೆಯ ಅನುಮತಿ ಅತ್ಯಗತ್ಯ. ಗೂಡು ಕಟ್ಟುವ ಹಕ್ಕಿಗಳಿಗೆ 185 ಗ್ರಾಂನ ಯಂತ್ರವೂ ಹದ್ದಿನಂತೆಯೇ ಕಾಣುತ್ತದೆ.

ಹವಾಮಾನವೂ ಗಮನಾರ್ಹ. ಆಷಾಢದ ಗಾಳಿಯಲ್ಲಿ ಇಷ್ಟು ಹಗುರ ಯಂತ್ರವನ್ನು ಹತೋಟಿಯಲ್ಲಿಡುವುದು ಕಷ್ಟ. ಗಾಳಿ ಏಳುವ ಮುನ್ನ, ಬೆಳಗಿನ ಹೊತ್ತು ಕಲಿಕೆಗೆ ಪ್ರಶಸ್ತ.

ಉದ್ದಿಮೆಯ ಲೆಕ್ಕ

ಕಿಲೋ ಒಂದಕ್ಕೆ ಸಾವಿರ ರೂಪಾಯಿ ದರದ ಪ್ಲಾಸ್ಟಿಕ್ ಸುರುಳಿಯಿಂದ 45 ಗ್ರಾಂನ ಚೌಕಟ್ಟು ಮುದ್ರಿಸಿದರೆ ಕಚ್ಚಾವಸ್ತುವಿನ ಖರ್ಚು 45 ರೂಪಾಯಿ. ವಿದ್ಯುತ್ತು, ಯಂತ್ರದ ಸವಕಳಿ, ಕೆಟ್ಟ ಮುದ್ರಣಗಳು, ಕೆಲಸಗಾರರ ವೇಳೆ ಇವನ್ನು ಸೇರಿಸಿದರೂ ಡ್ರೋನಿನ ಒಟ್ಟು ವೆಚ್ಚದಲ್ಲಿ ಚೌಕಟ್ಟಿನ ಪಾಲು ಅತ್ಯಲ್ಪ. ಹೆಚ್ಚಿನ ಹಣ ಹೋಗುವುದು ಮೋಟಾರು, ನಿಯಂತ್ರಕ ಫಲಕ, ರೇಡಿಯೊ ಮತ್ತು ಬ್ಯಾಟರಿಗಳಿಗೆ. ಸಿದ್ಧ ಡ್ರೋನುಗಳ ಆಮದನ್ನು ಸರ್ಕಾರ 2022ರ ಫೆಬ್ರವರಿ 9ರಂದು ನಿಷೇಧಿಸಿತಾದರೂ ಬಿಡಿಭಾಗಗಳಿಗೆ ಆ ನಿಷೇಧ ಅನ್ವಯಿಸಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಎಲೆಕ್ಟ್ರಾನಿಕ್ ಭಾಗಗಳು ಬಿಡಿಬಿಡಿಯಾಗಿ ದೊರೆಯುತ್ತವೆ. ಸಿದ್ಧ ಡ್ರೋನಿನ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಏಕರೂಪವಾಗಿ ಶೇ. 5ಕ್ಕೆ ಇಳಿಸಲಾಯಿತು, ಬಿಡಿಭಾಗಗಳ ದರವನ್ನು ಲೆಕ್ಕಪರಿಶೋಧಕರಲ್ಲಿ ವಿಚಾರಿಸಿಯೇ ಬೆಲೆಪಟ್ಟಿ ಸಿದ್ಧಪಡಿಸಬೇಕು.

ಈ ಅಂಕಿಗಳು ಸೂಚಿಸುವ ದಾರಿ ಸ್ಪಷ್ಟ. ಕೊಂಡ ಭಾಗಗಳನ್ನು ಜೋಡಿಸಿ ಅಗ್ಗದ ಡ್ರೋನ್ ಮಾರುವ ಪೈಪೋಟಿಯಲ್ಲಿ ತಾಲ್ಲೂಕು ಮಟ್ಟದ ಕಾರ್ಯಾಗಾರಕ್ಕೆ ಉಳಿಯುವುದು ಕಡಿಮೆ. ಸಾಲ ಮಾಡಿ ಒಮ್ಮೆಗೇ ಸಿಂಪಡಣೆಯ ದೊಡ್ಡ ಡ್ರೋನ್ ತಯಾರಿಸಲು ಹೊರಡುವುದು ಇನ್ನೂ ಅಪಾಯಕರ. ಅಲ್ಲಿ ಮಾದರಿ ಪ್ರಮಾಣಪತ್ರ ಅನಿವಾರ್ಯ, ಮುದ್ರಿತ ಪ್ಲಾಸ್ಟಿಕ್ ತೋಳು ನಿರುಪಯುಕ್ತ. ಉಳಿಯುವುದು ಮೂರು ಕೆಲಸಗಳು. ಕಾಲೇಜು ಮತ್ತು ಕೈಗಾರಿಕಾ ತರಬೇತಿ ಸಂಸ್ಥೆಗಳಿಗೆ ತೂಕದ ಖಾತೆ, ಬದಲಿ ತೋಳುಗಳ ಸಹಿತ ಕಲಿಕೆಯ ಕಿಟ್ ಒದಗಿಸುವುದು ಒಂದು. ಈಗಾಗಲೇ ಹಳ್ಳಿಗಳಿಗೆ ಬಂದಿರುವ ಡ್ರೋನುಗಳಿಗೆ ಭಾರ ಹೊರದ ಭಾಗಗಳಾದ ರಕ್ಷಾ ಕವಚ, ಆಂಟೆನಾ ಹಿಡಿಕೆ, ಕ್ಯಾಮೆರಾ ಕೂರು, ಸಾಗಣೆಯ ಪೆಟ್ಟಿಗೆಯ ಒಳಅಚ್ಚು ಇವನ್ನು ಅಳತೆಗೆ ತಕ್ಕಂತೆ ಮುದ್ರಿಸಿಕೊಡುವುದು ಎರಡು. ದುರಸ್ತಿ ಮೂರು. ಸುಗ್ಗಿಯ ಹೊತ್ತಿನಲ್ಲಿ ಕೆಟ್ಟು ನಿಂತ ಯಂತ್ರವನ್ನು ಬೆಂಗಳೂರಿಗೆ ಕಳುಹಿಸಿ ವಾರಗಟ್ಟಲೆ ಕಾಯುವ ಮಾಲೀಕರಿಗೆ ಪಾಂಡವಪುರದಲ್ಲಿಯೋ ಕೆ.ಆರ್. ಪೇಟೆಯಲ್ಲಿಯೋ ಒಂದೇ ದಿನದಲ್ಲಿ ಬಿಡಿಭಾಗ ಸಿಕ್ಕರೆ ಅದಕ್ಕೆ ತಕ್ಕ ಬೆಲೆ ಕೊಡಲು ಅವರು ಹಿಂಜರಿಯಲಾರರು.

ಈ ಮೂರಕ್ಕೂ ಬೇಕಾದ ಕೈಚಳಕವನ್ನು ಕಲಿಸುವುದು 185 ಗ್ರಾಂನ ಆ ಕಿರು ಡ್ರೋನ್. ಅದನ್ನು ಮಾರಾಟದ ಸರಕೆಂದು ನೋಡದೆ ಕಾರ್ಯಾಗಾರದ ಪಾಠಪುಸ್ತಕವೆಂದು ನೋಡುವುದು ಸೂಕ್ತ. ಪಾಠವನ್ನು ಆರಂಭಿಸಲು ಬಯಸುವ ಉದ್ದಿಮೆದಾರರು ಪ್ರಿಂಟರ್ ಕೊಳ್ಳುವ ಮುನ್ನ ಗ್ರಾಂನ ಹತ್ತನೇ ಒಂದು ಭಾಗವನ್ನು ತೋರಿಸುವ ತಕ್ಕಡಿಯನ್ನೂ ಒಂದು ಲೆಕ್ಕದ ಪುಸ್ತಕವನ್ನೂ ಕೊಳ್ಳಲಿ. ಮುಂದಿನ ಖರೀದಿಗಳಲ್ಲಿ ಯಾವುದು ಬೇಕು, ಯಾವುದು ಬೇಡ ಎಂಬುದನ್ನು ಅವೆರಡೇ ತಿಳಿಸಿಕೊಡುತ್ತವೆ.